ಆರ್ಗನ್ ಒಂದೇ ನಮ್ಮ ಪರಂಪರೆ ಅಂದ್ರೆ ಹೇಗೆ ಸರ್?

ಬೆಂಗಳೂರಿನ ಓದುಗರೊಬ್ರು ಬರ್ದಿದಾರೆ: ಅವ್ರ ಲೂಥರನ್ ಸಭೆಯ ಯೂತ್‌ನವ್ರು ಭಾನುವಾರದ ಆರಾಧನೆಗೆ ತಬಲ, ಢೋಲಕ್ ತಂದು ರಾಗದ ಕೀರ್ತನೆ ಹಾಡೋಕೆ ಶುರು ಮಾಡಿದಾರೆ, ಕೇಳಿದ್ರೆ ನಮ್ಮ ಸಭೆಗಳ ಮೂಲಪುರುಷ ಮಾರ್ಟಿನ್ ಲೂಥರೇ ಹೆಂಡದಂಗಡಿ ಹಾಡಿನ ಧಾಟಿ ತಗೊಂಡಿದ್ರು ಅಂತ ವಾದ ಮಾಡ್ತಾರೆ. ನಮ್ಮ ಪಾರಂಪರಿಕ ಸಂಗೀತ ಅಂದ್ರೆ ಆರ್ಗನ್ನು ಮತ್ತು ಜರ್ಮನ್ ಕೊರಾಲ್ (ಸಭೆ ಒಟ್ಟಿಗೆ ಹಾಡೋ ಚರ್ಚ್ ಹಾಡು), ಅದನ್ನ ಉಳ್ಸೋಕೆ ಪತ್ರಿಕೆ ದನಿ ಎತ್ತಬಾರ್ದಾ ಅಂತ ಕೇಳಿದಾರೆ.

ಸಂಪಾದಕರ ಉತ್ತರ:

ಸರ್, ಮೊದ್ಲು ನಿಮ್ಮ ಕಡೆ ಒಂದು ಮಾತು. ಆ ಹೆಂಡದಂಗಡಿ ಕತೆ ಬರೀ ಬೊಗಳೆ. ಲೂಥರ್ ಹಾಡುಗಳ ಧಾಟಿ ಬಹುಪಾಲು ಹಳೇ ಲ್ಯಾಟಿನ್ ಚರ್ಚ್ ಗೀತೆ, ಜರ್ಮನ್ ಭಕ್ತಿಗೀತೆಗಳಿಂದ ಬಂದಿದ್ದು, ಇಲ್ಲಾ ಅವರೇ ಕಟ್ಟಿದ್ದು. ಚರ್ಚಿನ ಹೊರಗಿನ ಹಾಡಿನದು ಅಂತ ಗಟ್ಟಿಯಾಗಿ ಹೇಳ್ಬಹುದಾದ್ದು 'ಫಾಮ್ ಹಿಮ್ಮೆಲ್ ಹೋಖ್' ಅನ್ನೋ ಕ್ರಿಸ್ಮಸ್ ಹಾಡು, 1535ರಲ್ಲಿ ಜನ ಹಾಡೋ ಒಂದು ಒಗಟಿನ ಹಾಡಿನ ಧಾಟಿಗೆ ಕೂರ್ಸಿದ್ರು, 1539ರಲ್ಲಿ ಅದನ್ನೂ ಬಿಟ್ಟು ಹೊಸ ಧಾಟಿ ಹಾಕಿದ್ರು. ಯೂತ್‌ನವ್ರಿಗೆ ಇದನ್ನ ಧೈರ್ಯವಾಗಿ ಹೇಳಿ.

ಆದ್ರೆ ತುಂಬಾ ಖುಷಿ ಪಡ್ಬೇಡಿ, ಯಾಕಂದ್ರೆ ಶುಭ ಶುಕ್ರವಾರ ನೀವು ಕಣ್ಣೀರಿಟ್ಟು ಹಾಡೋ ಮುಳ್ಳಿನ ಕಿರೀಟದ ಹಾಡಿದೆಯಲ್ಲ, ಅದ್ರ ಧಾಟಿ 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಅನ್ನೋ ಜರ್ಮನ್ ಸಂಗೀತಗಾರ ಒಬ್ಬ ಹುಡುಗಿ ಮೇಲಿನ ಪ್ರೇಮಗೀತೆಗೆ ಕಟ್ಟಿದ್ದು. ಲೂಥರ್ ಬರೆದ ಹೆಸರಾಂತ ಹಾಡು 'ಐನ್ ಫೆಸ್ಟೆ ಬುರ್ಗ್' ಕೂಡ ಅವ್ರ ಕಾಲದಲ್ಲಿ ಈಗಿನ ಹಾಗೆ ಒಂದೇ ಸಮ ಹೆಜ್ಜೆ ಹಾಕ್ತಾ ಇರ್ಲಿಲ್ಲ, ಉದ್ದ ಗಿಡ್ಡ ಸ್ವರಗಳ ಕುಣಿತ ಇತ್ತು ಅದ್ರಲ್ಲಿ, ಆಮೇಲಿನವ್ರು ಇಸ್ತ್ರಿ ಹಾಕಿ ಸಪಾಟು ಮಾಡಿದ್ರು. ಅಂದ್ರೆ ಬದಲಾಗದೇ ಬಂದಿದ್ದು ಅಂತ ನೀವು ಹಿಡ್ಕೊಂಡಿರೋದೇ ಎಷ್ಟೋ ಬದಲಾಗಿದೆ.

ನಂಗೆ ಮುಖ್ಯ ಅನ್ಸೋದು ಇದು. 1525ರಲ್ಲಿ, ಜರ್ಮನ್ ಭಾಷೆಯ ಆರಾಧನೆ ಸಿದ್ಧ ಮಾಡೋ ಹೊತ್ತಲ್ಲಿ, ಲೂಥರ್ ಬರೆದ್ರು: ಮಾತು, ಸ್ವರ, ಒತ್ತು, ಹಾಡೋ ರೀತಿ ಎಲ್ಲಾ ತಾಯ್ನುಡಿಯಿಂದ್ಲೇ ಹುಟ್ಬೇಕು, ಇಲ್ದಿದ್ರೆ ಅದು ಮಂಗಗಳು ಮಾಡೋ ಅನುಕರಣೆ ಆಗುತ್ತೆ ಅಂತ. ಲ್ಯಾಟಿನ್ ಧಾಟಿ ಹಾಗೇ ಇಟ್ಕೊಂಡು ಜರ್ಮನ್ ಮಾತು ತುರುಕಿದ್ರೆ ನಡೆಯಲ್ಲ ಅನ್ನೋದು ಅವ್ರ ತಕರಾರು. ಈಗ ನೀವೇ 'ಕರುಣೆ' ಅನ್ನೋ ಪದ ತಗೊಳ್ಳಿ. ಮೂರೂ ಹ್ರಸ್ವ. ಅದನ್ನ ಕೊರಾಲಿಗೆ ಕೂರ್ಸಿ, ನಡುವಿನ ಅಕ್ಷರಕ್ಕೆ ಉದ್ದದ ಸ್ವರ ಬಿತ್ತು ಅನ್ಕೊಳ್ಳಿ, ಸಭೆ ಪೂರ್ತಿ 'ಕರೂಣೆ' ಅಂತ ಎಳೆಯುತ್ತೆ. ಸಾಲಿನ ಕೊನೇಲಿ 'ದೇವರು' ಬಂದ್ರೆ ದೀರ್ಘ 'ದೇ' ಪಟ್ ಅಂತ ಮುಗ್ದು 'ರೂಊಊ' ಅಂತ ಎಳೆತ. ಚಿಕ್ಕಂದಿನಿಂದ ಕೇಳಿ ನಮ್ಮ ಕಿವಿ ಒಗ್ಗಿದೆ ಅಷ್ಟೇ, ಮೊದಲ್ನೇ ಸಲ ಬಂದವ್ರ ಮುಖ ಒಂದ್ಸಲ ನೋಡಿ.

ಇನ್ನು ರಾಗದ ಕೀರ್ತನೆ ಹೊಸ ಹುಡುಗರ ಹುಚ್ಚಾಟ ಅಂತ ನೀವು ಅನ್ಕೊಂಡಿದ್ರೆ, ತಂಜಾವೂರಿನ ತಮಿಳು ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿ ಹುಟ್ಟಿದ್ದು 1774ರಲ್ಲಿ. ಲೂಥರನ್ ಮಿಷನರಿ ಶ್ವಾರ್ಟ್ಸ್ ಅವ್ರ ಶಿಷ್ಯ, ತಂಜಾವೂರಿನ ಸರಫೋಜಿ ರಾಜನ ಜತೆ ಓದಿದವ್ರು, ಕರ್ನಾಟಕ ಸಂಗೀತದ ರಾಗ ತಾಳದಲ್ಲಿ ರಾಶಿ ಕೀರ್ತನೆ ಬರೆದ್ರು. ತಮಿಳು ಲೂಥರನ್ ಸಭೆಗಳಲ್ಲಿ ಜರ್ಮನ್ ಧಾಟಿಯ ಜ್ಞಾನಪ್ಪಾಟ್ಟು ಒಂದು ಕಡೆ, ಕೀರ್ತನೆ ಇನ್ನೊಂದು ಕಡೆ, ಎರಡೂ ಉಳ್ಕೊಂಡು ಬಂದಿವೆ. 1829ರ ಹೊತ್ತಿಗೆ ಹೊಸ ಮಿಷನರಿಗಳು ಪ್ರಾರ್ಥನೆಯಿಂದ ಕೀರ್ತನೆ, ಸಂಗೀತ ತೆಗೆಯೋಕೆ ಹೊರಟಾಗ ಶಾಸ್ತ್ರಿಗಳು ಇದು ಕ್ರೌರ್ಯ ಅಂತ್ಲೇ ಬರೆದ್ರು.

ಇಲ್ಲಿ ಒಂದು ಕಹಿ ವಿಷ್ಯನೂ ಇದೆ, ಮುಚ್ಚಿಡೋದು ಸರಿಯಲ್ಲ. ಅದೇ ದೂರಿನಲ್ಲಿ ಶಾಸ್ತ್ರಿಗಳು ಎಲ್ಲಾ ಜಾತಿಯವ್ರನ್ನ ಒಂದಾಗಿ ಸೇರ್ಸೋದನ್ನೂ ಕ್ರೌರ್ಯದ ಪಟ್ಟಿಗೆ ಹಾಕಿದ್ರು. ಹಂಗಾಗಿ ದೇಸಿ ಸಂಗೀತ ಅಂದ ತಕ್ಷಣ ಎಲ್ಲಾ ಶುದ್ಧ ಆಗಲ್ಲ. ಮದುರೈ ಸೆಮಿನರಿಯಲ್ಲಿ ಪಾಠ ಹೇಳ್ತಿದ್ದ ಥಿಯೋಫಿಲಸ್ ಅಪ್ಪಾವೂ, 2005ರಲ್ಲಿ ತೀರ್ಕೊಂಡ್ರು, ಚರ್ಚಿನಲ್ಲಿ ಕರ್ನಾಟಕ ಸಂಗೀತಾನೂ ಮೇಲ್ಜಾತಿಯವ್ರದ್ದೇ, ದಲಿತರ ಹಾಡು ಎಲ್ಲಿ ಅಂತ ಕೇಳಿ ಜಾನಪದ ಧಾಟಿಯಲ್ಲಿ ಆರಾಧನೆ ಕಟ್ಟಿದ್ರು. ನಿಮ್ಮ ಯೂತ್‌ನವ್ರ ಢೋಲಕ್ ಬಗ್ಗೆ ಕೆಲವು ಹಿರಿಯರಿಗೆ ಇರೋ ಮುಜುಗರ ಶ್ರುತಿ ತಾಳದ್ದಾ, ಬೇರೇದ್ದಾ ಅಂತ ಅವ್ರೇ ಕೇಳ್ಕೊಳ್ಲಿ.

ಕನ್ನಡದಲ್ಲಿ? ನಿಘಂಟಿನ ಕಿಟೆಲ್ ಲೂಥರನ್ ಪಾದ್ರಿ ಮಗ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನೋ ಮಿಷನರಿ ಸಂಸ್ಥೆ ಕಳ್ಸಿದವ್ರು. ಅವ್ರು 1862ರಲ್ಲೇ 'ಕಥಾಮಾಲೆ' ಅಂತ ಯೇಸುವಿನ ಚರಿತ್ರೆಯನ್ನ ನಮ್ಮ ಹಾಡುಗಬ್ಬದ ರೀತಿ ಬರೆದಿದ್ರು. ಜರ್ಮನ್ ಮನುಷ್ಯನಿಗೆ ಬೇಕಾಗಿದ್ದು ನಮಗೆ ಬೇಡ್ವಾ?

ಕೊರಾಲ್ ಬಿಡಿ ಅಂತ ನಾನು ಹೇಳ್ತಿಲ್ಲ. ಅದು ಇಡೀ ಸಭೆ ಒಟ್ಟಿಗೆ ಹಾಡ್ಲಿ ಅಂತ್ಲೇ ಬೆಳೆದಿದ್ದು, ಸಂಗೀತ ಬರದವ್ರೂ ಪಕ್ಕದವ್ರ ದನಿ ಹಿಡ್ಕೊಂಡು ಹೋಗ್ಬಹುದು, ನಾಲ್ಕು ದನಿ ಸೇರಿದಾಗಿನ ಆ ತೂಕ ಬೇರೇದ್ರಲ್ಲಿ ಸಿಗಲ್ಲ. ಕೀರ್ತನೆ ತಂಡದವ್ರ ಮೇಲೆ ನಿಮ್ಮ ನಿಜವಾದ ದೂರು ಇಲ್ಲಿರ್ಬೇಕು: ಒಬ್ರು ಮೈಕ್ ಹಿಡ್ದು ಒಂದೇ ಸಾಲನ್ನ ಬೇರೆ ಬೇರೆ ಥರ ತಿರುಗಿಸಿ ಸಂಗತಿ ಮೇಲೆ ಸಂಗತಿ ಹಾಕಿದ್ರೆ ಸಭೆ ಬರೀ ಪ್ರೇಕ್ಷಕರಾಗುತ್ತೆ. ಪಲ್ಲವಿ ಸಭೆಗೆ ಬಿಡಿ, ಚರಣ ತಂಡದವ್ರು ಹಾಡ್ಲಿ, ತಬಲದ ಮುಂದಿನ ಮೈಕ್ ತೆಗೀರಿ. ಅನುವಾದದ ಹಾಡುಗಳಲ್ಲಿ 'ಕರೂಣೆ' ಥರ ಎಳೆಯೋ ಸಾಲುಗಳನ್ನ ಗುರುತು ಹಾಕಿ ತಿದ್ದೋ ಕೆಲ್ಸ ಅದೇ ಹುಡುಗರಿಗೆ ವಹಿಸಿ, ಆರ್ಗನ್ ನುಡಿಸೋವ್ರೂ ಜತೇಲಿ ಕೂತ್ಕೊಳ್ಲಿ. ತಿದ್ದಿದ್ದನ್ನ ನಮಗೆ ಕಳ್ಸಿ, ಪತ್ರಿಕೇಲಿ ಹಾಕ್ತೀವಿ.