ಪಟ್ಟಿಯಲ್ಲಿ ಮೇಲಿರುವ ಭಾಷೆಯೇ ಒಳ್ಳೆಯ ಭಾಷೆಯಾ?

ಪ್ರೋಗ್ರಾಮಿಂಗ್ ಭಾಷೆಗಳ ಜನಪ್ರಿಯತೆಯನ್ನು ಅಳೆಯುವ ಟಯೋಬಿ ಪಟ್ಟಿಯಲ್ಲಿ ಪೈಥಾನ್ ಮೊದಲಿದೆ, ಹಾಗಾದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಭಾಷೆ ಅಲ್ವಾ, ಆಂಡ್ರಾಯ್ಡ್ ಆ್ಯಪ್ ಬರೆಯಲು ಅದನ್ನೇ ಕಲಿಯಲಾ ಅಂತ ಕೇಳಿದ್ದೀರಿ. ಬೇಡ ಅಂತಲೇ ನನ್ನ ಉತ್ತರ. ಯಾಕೆ ಅನ್ನೋದನ್ನ ನಾನು ಕೆಲಸ ಮಾಡಿದ ಒಂದು ಭಾಷೆಯ ಕಥೆಯಿಂದಲೇ ಹೇಳುತ್ತೇನೆ.

2010ರ ಹೊತ್ತಿಗೆ ಐಫೋನ್ ಆ್ಯಪ್ ಬರೆಯಲು ನಾನು ಆಬ್ಜೆಕ್ಟಿವ್-ಸಿ ಕಲಿತೆ. ಅದು ಹೊಸ ಭಾಷೆಯೇನಲ್ಲ. 1980ರ ದಶಕದ ಮೊದಲ ಭಾಗದಲ್ಲಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಕಟ್ಟಿದ್ದು. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಅದನ್ನು ಬಳಸುತ್ತಿತ್ತು. ಆ್ಯಪಲ್ ಆ ಕಂಪನಿಯನ್ನು ಕೊಂಡಾಗ ಭಾಷೆಯೂ ಜೊತೆಗೆ ಬಂತು. ಆದರೂ ಮ್ಯಾಕ್‌ಗೆ ಬರೆಯುವವರನ್ನು ಬಿಟ್ಟರೆ ಅದನ್ನು ಕೇಳುವವರು ಕಡಿಮೆ. 2008ರಲ್ಲಿ ಆ್ಯಪ್ ಸ್ಟೋರ್ ತೆರೆಯಿತು ನೋಡಿ, ಎಲ್ಲರೂ ಅದರ ಹಿಂದೆ ಬಿದ್ದರು. ಒಂದು ವರ್ಷದಲ್ಲಿ ಎಲ್ಲಕ್ಕಿಂತ ಜಾಸ್ತಿ ಏರಿದ ಭಾಷೆಗೆ ಟಯೋಬಿ ಕೊಡುವ ಬಿರುದು 2011, 2012 ಎರಡೂ ವರ್ಷ ಅದಕ್ಕೇ ಸಿಕ್ಕಿತು. 2014ರಲ್ಲಿ ಆ್ಯಪಲ್ ಸ್ವಿಫ್ಟ್ ಅನ್ನೋ ಹೊಸ ಭಾಷೆ ತಂದಿತು. ಹೊಸಬರು ಅತ್ತ ತಿರುಗಿದರು.

ಹತ್ತಿದ್ದೂ ಇಳಿದದ್ದೂ ಅದೇ ಭಾಷೆ. ನಾನು ಕಲಿಯುವಾಗ ಐಫೋನ್‌ನಲ್ಲಿ ಮೆಮೊರಿಯ ಲೆಕ್ಕವನ್ನೆಲ್ಲ ನಾವೇ ಇಡಬೇಕಿತ್ತು. ಬೇಕಾದ್ದನ್ನು ಮೆಮೊರಿಯಲ್ಲಿ ಹಿಡಿದಿಡಲು ರಿಟೇನ್, ಕೆಲಸ ಮುಗಿದ ಮೇಲೆ ಬಿಟ್ಟುಕೊಡಲು ರಿಲೀಸ್ ಅಂತ ಬರೆಯಬೇಕಿತ್ತು. ಒಂದು ರಿಲೀಸ್ ಮರೆತರೆ ಮೆಮೊರಿ ಸೋರಿಕೆ, ಒಂದು ಜಾಸ್ತಿಯಾದರೆ ಆ್ಯಪ್ ಕ್ರ್ಯಾಶ್. ಆ ಕ್ರ್ಯಾಶ್ ಹುಡುಕುತ್ತಾ ಎಷ್ಟೋ ರಾತ್ರಿ ಕೂತಿದ್ದೇನೆ. ಅದೇ ಹೊತ್ತಿನಲ್ಲಿ ಪಟ್ಟಿಯಲ್ಲಿ ಅದು ಮೇಲೇರುತ್ತಲೇ ಇತ್ತು! ಟಯೋಬಿ ಮುಖ್ಯವಾಗಿ ಎಣಿಸುವುದು ಸರ್ಚ್ ಎಂಜಿನ್‌ಗಳಲ್ಲಿ ಆ ಭಾಷೆಯ ಹೆಸರಿಗೆ ಎಷ್ಟು ಫಲಿತಾಂಶ ಸಿಗುತ್ತದೆ ಅಂತ. ಅದರಲ್ಲಿ ಗುಣದ ಅಳತೆ ಇಲ್ಲ.

ಹಾಗಂತ ಜನಪ್ರಿಯತೆಗೂ ಗುಣಕ್ಕೂ ಸಂಬಂಧವೇ ಇಲ್ಲ ಅನ್ನಲಾರೆ. ಜನ ಹೆಚ್ಚಾದ ಮೇಲೆ ಭಾಷೆಗೆ ದುಡ್ಡು, ದುಡಿಮೆ ಎರಡೂ ಹರಿದು ಬರುತ್ತವೆ. 2011ರಲ್ಲಿ ಆ್ಯಪಲ್ ಆ ರಿಟೇನ್, ರಿಲೀಸ್ ಕೆಲಸವನ್ನು ಕಂಪೈಲರ್‌ಗೇ, ಅಂದರೆ ನಾವು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಪ್ರೋಗ್ರಾಂಗೇ, ವಹಿಸಿತು. ನನಗಂತೂ ದೊಡ್ಡ ಹೊರೆ ಇಳಿದಂತಾಯಿತು. ಆದರೆ ಬಳಸುವವರು ತುಂಬಾ ಇದ್ದಾರೆ ಅನ್ನೋದೇ ಕೆಲವು ಸಲ ತಪ್ಪನ್ನು ತಿದ್ದಲು ಬಿಡುವುದಿಲ್ಲ. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದರು. ಅದರಲ್ಲಿ ಇವತ್ತಿಗೂ ನಲ್, ಅಂದರೆ ‘ಏನೂ ಇಲ್ಲ’ ಅನ್ನೋ ಬೆಲೆ, ಯಾವ ಬಗೆಯದು ಅಂತ ಕೇಳಿದರೆ ಆಬ್ಜೆಕ್ಟ್, ಅಂದರೆ ಒಂದು ವಸ್ತು, ಅನ್ನುತ್ತದೆ. ಇದು ತಪ್ಪು ಅಂತ ಎಲ್ಲರಿಗೂ ಗೊತ್ತು. ಸರಿಮಾಡಿದರೆ ಹಳೆಯ ವೆಬ್‌ಸೈಟ್‌ಗಳು ಕೆಡುತ್ತವೆ ಅಂತ ಹಾಗೇ ಉಳಿಸಿದ್ದಾರೆ.

ನಿಮ್ಮ ವಿಷಯಕ್ಕೆ ಬಂದರೆ, ಕಾಟ್ಲಿನ್ ಕಲಿಯಿರಿ. ಆಂಡ್ರಾಯ್ಡ್‌ಗೆ ಮೊದಲ ಆದ್ಯತೆ ಕಾಟ್ಲಿನ್‌ಗೇ ಅಂತ 2019ರಲ್ಲೇ ಗೂಗಲ್ ಹೇಳಿದೆ. ಪೈಥಾನ್‌ನಲ್ಲೂ ಆ್ಯಪ್ ಮಾಡಬಹುದು, ಆದರೆ ಸುತ್ತು ದಾರಿ. ಕಾಟ್ಲಿನ್‌ನಲ್ಲಿ ಒಂದು ವೇರಿಯಬಲ್ ಖಾಲಿ (ನಲ್) ಇರಬಹುದು ಅಂತಿದ್ದರೆ ಅದರ ಟೈಪ್ ಹೆಸರಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಬೇಕು. ಹಾಕಿದ ಮೇಲೆ, ಖಾಲಿಯಾ ಅಂತ ನೋಡದೆ ಬಳಸಲು ಹೋದರೆ ಕಂಪೈಲರೇ ತಡೆಯುತ್ತದೆ. ಮೊದಲ ದಿನವೇ ಇದನ್ನು ಬರೆದು ನೋಡಿ.