ಚೌಕಿಯ ಮಾತು ಅಚ್ಚಿಗೆ ಹೋಗುವಾಗ

ಪ್ರಶ್ನೆ: ಯಕ್ಷಗಾನದ ಡೇರೆ ಮೇಳಗಳಲ್ಲಿ ಮೂವತ್ತು ವರ್ಷ ಸ್ತ್ರೀವೇಷ ಮಾಡಿದ ನಾನು ಆತ್ಮಕಥೆ ಬರೆದಿದ್ದೇನೆ. ಹಸ್ತಪ್ರತಿ ಓದಿದವರಲ್ಲಿ ಕೆಲವರು ಮೆಚ್ಚಿದರು. ಕೆಲವರು, ತೀರಿಕೊಂಡ ಮೇಳದ ಯಜಮಾನರ ಸಂಗತಿ ತೆಗೆದುಹಾಕಿ ಎಂದರು. ಶಿವಮೊಗ್ಗದ ಪ್ರಕಾಶಕರೊಬ್ಬರು, ಮೊಕದ್ದಮೆ ಬಂದರೆ ಖರ್ಚೆಲ್ಲ ನಿಮ್ಮದೇ ಎಂಬ ಕರಾರಿಗೆ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ?
– ಹಿರಿಯ ಕಲಾವಿದ, ತೀರ್ಥಹಳ್ಳಿ

ಉತ್ತರ: ಪ್ರಕಾಶಕರ ಅಂಜಿಕೆ ನಿರಾಧಾರವಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಮಾನಹಾನಿಗೆ 2 ವರ್ಷದವರೆಗೆ ಸಾದಾ ಸಜೆಯುಂಟು. ಮಾನಹಾನಿಕರವೆಂದು ತಿಳಿದೂ ಮುದ್ರಿಸಿದವರಿಗೂ ಅಷ್ಟೇ. ತೀರಿಕೊಂಡವರ ವಿಷಯವೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಬದುಕಿದ್ದರೆ ಅವರ ಹೆಸರಿಗೆ ಕುಂದು ತರುತ್ತಿದ್ದ ಮಾತನ್ನು ಅವರ ಮನೆಯವರನ್ನು ನೋಯಿಸುವ ಉದ್ದೇಶದಿಂದ ಬರೆದರೆ ಅದೂ ಮಾನಹಾನಿಯೇ ಆಗಬಹುದು. ಮಾತು ಸತ್ಯವಾಗಿದ್ದು, ಸಾರ್ವಜನಿಕ ಹಿತಕ್ಕಾಗಿ ಪ್ರಕಟವಾಗಿದ್ದರೆ ವಿನಾಯಿತಿ ಇದೆ. ಆತ್ಮಕಥೆಕಾರರು ಮರೆಯುವುದು ಈ ಎರಡನೆಯ ಷರತ್ತನ್ನು. ಯಜಮಾನರು ಸಂಬಳ ಬಾಕಿ ಉಳಿಸಿಕೊಂಡದ್ದನ್ನು ಬರೆಯಿರಿ, ಲೆಕ್ಕದ ಚೀಟಿಗಳಿದ್ದರೆ ಜೋಪಾನ ಮಾಡಿ. ಯಾರ ಬಿಡಾರಕ್ಕೆ ಯಾರು ಹೋದರೆಂಬುದು ಯಾರ ಹಿತಕ್ಕೆ? ಹೆಸರು ಬದಲಿಸಿದರೆ ಸಾಕೆಂದುಕೊಳ್ಳಬೇಡಿ. ಮಲೆನಾಡಿನಲ್ಲಿ ವೇಷದ ಹೆಸರು ಹೇಳಿದರೂ ಆಸಾಮಿ ಯಾರೆಂದು ತಿಳಿಯುತ್ತದೆ.

ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿ ತಮಿಳುನಾಡಿನ ಜೈಲಿನಲ್ಲಿದ್ದ ಆಟೋ ಶಂಕರ್ ಆತ್ಮಕಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ, ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಒಪ್ಪಿಗೆಯಿಲ್ಲದೆಯೂ ಪ್ರಕಟಿಸಬಹುದು, ಅದನ್ನು ಮೀರಿ ಖಾಸಗಿ ಬದುಕಿಗೆ ಕೈಹಾಕಿದರೆ ಹೊಣೆ ಪ್ರಕಟಿಸಿದವರದೇ ಎಂದಿತು.

ಕರಾರಿಗೆ ಈಗಿರುವಂತೆಯೇ ಸಹಿ ಹಾಕಬೇಡಿ. ಪ್ರಕಾಶಕರ ಖರ್ಚಿನಲ್ಲೇ ವಕೀಲರೊಬ್ಬರು ಹಸ್ತಪ್ರತಿ ಓದಲಿ. ನೀವು ತಿಳಿದೂ ಸುಳ್ಳು ಬರೆದದ್ದು ಸಾಬೀತಾದರೆ ಮಾತ್ರ ಖರ್ಚು ನಿಮ್ಮದೆಂದು ತಿದ್ದಿಸಿ.