ಶಿರಸಿಯ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಗ್ರಂಥಿಯ ಗಾತ್ರ 12 ಮಿ.ಲೀ., ಮೂರು ತಿಂಗಳ ಮೇಲೆ ಕಾರವಾರದ 3ಡಿ ಸ್ಕ್ಯಾನ್‌ನಲ್ಲಿ 14 ಮಿ.ಲೀ. ಗ್ರಂಥಿ ಬೆಳೆದಿದೆಯೇ?

ಈ ಎರಡು ಅಂಕಿಗಳಿಂದ ಹಾಗೆ ಹೇಳಲು ಬರುವುದಿಲ್ಲ. ಗಾಬರಿ ಬೇಡ.

ಸಾಮಾನ್ಯ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಪ್ರತಿ ಹಾಲೆಯ (ಗ್ರಂಥಿಯ ಎಡ, ಬಲ ಭಾಗಗಳ) ಉದ್ದ, ಅಗಲ, ದಪ್ಪ ಅಳೆದು ಗುಣಿಸಿ, 0.52ರಿಂದ ಮತ್ತೆ ಗುಣಿಸುತ್ತಾರೆ. 4.8 × 1.6 × 1.5 ಸೆಂ.ಮೀ. ಇದ್ದರೆ ಸುಮಾರು 6 ಮಿ.ಲೀ. ದಪ್ಪವನ್ನು 1.8 ಎಂದು ಗುರುತಿಸಿದರೆ ಅದೇ ಹಾಲೆ 7.2 ಆಗುತ್ತದೆ. ಬರೀ 3 ಮಿ.ಮೀ. ವ್ಯತ್ಯಾಸ! ಪ್ರೋಬನ್ನು (ಕೈಯಲ್ಲಿ ಹಿಡಿಯುವ ಸ್ಕ್ಯಾನ್ ಸಾಧನ) ಕುತ್ತಿಗೆಗೆ ತುಸು ಒತ್ತಿ ಹಿಡಿದರೂ ಗ್ರಂಥಿ ಚಪ್ಪಟೆಯಾಗಿ ದಪ್ಪ ಕಡಿಮೆ ಕಾಣುತ್ತದೆ. ಜೆಲ್ ಧಾರಾಳವಾಗಿ ಹಾಕಿ ಹಗುರವಾಗಿ ಹಿಡಿಯಬೇಕು.

ಆ 0.52 ಹಾಲೆ ಮೊಟ್ಟೆಯಾಕಾರದಲ್ಲಿದೆ ಎಂದು ಭಾವಿಸಿದ ಲೆಕ್ಕ. ಶುಂಠಿ ಗಡ್ಡೆಯಂತೆ ಗಂಟುಗಂಟಾಗಿದ್ದರೆ ಲೆಕ್ಕ ತಪ್ಪುತ್ತದೆ. 3ಡಿಯ ನಿಜವಾದ ಉಪಯೋಗ ಇಲ್ಲೇ. ಪ್ರೋಬ್ ಕೆಲವು ಸೆಕೆಂಡುಗಳಲ್ಲಿ ಇಡೀ ಹಾಲೆಯನ್ನು ಸೆರೆಹಿಡಿಯುತ್ತದೆ. ಆಮೇಲೆ ಚಿತ್ರವನ್ನು 30 ಡಿಗ್ರಿಯಂತೆ ತಿರುಗಿಸಿ 6 ಕಡೆ, ಇಲ್ಲವೇ 15 ಡಿಗ್ರಿಯಂತೆ 12 ಕಡೆ ಅಂಚು ಗೆರೆ ಎಳೆದು ಗಾತ್ರ ತೆಗೆಯುತ್ತಾರೆ. ಗಂಟುಗಳಿದ್ದರೆ 15 ಡಿಗ್ರಿಯೇ ಒಳ್ಳೆಯದು.

3ಡಿ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತದೆ. ಪ್ರೋಬ್ ಚಿತ್ರ ಸೆರೆಹಿಡಿಯುವ ಹೊತ್ತಿನಲ್ಲಿ ಎಂಜಲು ನುಂಗಿದರೆ ಗ್ರಂಥಿ ಮೇಲಕ್ಕೆ ಸರಿದು ಅಂಚು ಮೆಟ್ಟಿಲಿನಂತೆ ಮುರಿಯುತ್ತದೆ. ಹಾಗಾದರೆ ಮತ್ತೆ ತೆಗೆಯಲೇಬೇಕು. ಎದೆಮೂಳೆಯ ಹಿಂದೆ ಇಳಿದ ಭಾಗ ಯಾವ ಅಲ್ಟ್ರಾಸೌಂಡ್‌ಗೂ ಪೂರ್ತಿ ಸಿಗದು.

ಮುಂದಿನ ಸಲ ಒಂದೇ ಕಡೆ, ಒಂದೇ ವಿಧಾನದಲ್ಲಿ ಮಾಡಿಸಿ. ವರದಿಯಲ್ಲಿ ಒಟ್ಟು ಗಾತ್ರದ ಜೊತೆ ಎರಡೂ ಹಾಲೆಗಳ ಮೂರೂ ಅಳತೆ ಬರೆಸಿಕೊಳ್ಳಿ, ಹಳೆಯ ವರದಿ ಒಯ್ಯಲು ಮರೆಯಬೇಡಿ.